ಹೇಳಿದವರಿಗೆ ಪೆಟ್ಟು ಬೀಳದಿರಲಿ

ಚಿ. ಮಧುಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ನಾನು ಕ್ಷೇಮ.

ನೀನು ಸ್ಥಳೀಯ ಆರೋಗ್ಯ ಮಂಡಳಿಯ ಸದಸ್ಯನಾದ ಸುದ್ದಿ ನಿನ್ನಪ್ಪ ಫೋನಿನಲ್ಲಿ ಹೇಳಿದ. ಅಲ್ಲಿ ಏನು ಕೆಲಸ ಇರುತ್ತದೆ ಅಂತ ನನ್ನನ್ನೇ ಕೇಳಿದ. ನೀರು, ಚರಂಡಿ, ಕಸ, ಸೊಳ್ಳೆ, ಲಸಿಕೆ, ಹೋಟೆಲ್ ಅಡುಗೆಮನೆಗಳ ತಪಾಸಣೆ, ಜನನ ಮರಣದ ಲೆಕ್ಕ ಅಂದೆ. "ಇಷ್ಟೇನಾ?" ಅಂದ. ಇಷ್ಟೇ. ಇದರಲ್ಲಿ ಒಂದು ಕೆಟ್ಟರೂ ಊರಿಗೆ ಊರೇ ಹಾಸಿಗೆ ಹಿಡಿಯುತ್ತದೆ.

ಕೆಲಸದ ವಿವರಗಳನ್ನು ಅಧಿಕಾರಿಗಳು ಹೇಳಿಕೊಡುತ್ತಾರೆ. ನಾನು ಹೇಳಬೇಕಾದ್ದು ಬೇರೆ. ಮಂಡಳಿಗೆ ಅಧಿಕಾರ ಇದೆ, ನಿಜ. ನೋಟಿಸ್ ಕೊಡಬಹುದು, ದಂಡ ಹಾಕಬಹುದು, ಅಂಗಡಿ ಬಾಗಿಲು ಮುಚ್ಚಿಸಬಹುದು. ಆದರೆ ರೋಗ ಎಲ್ಲಿದೆ ಅಂತ ತಿಳಿಸುವವರು ಜನರೇ. ಡಾಕ್ಟರು ವರದಿ ಕಳಿಸಬೇಕು. ಅಡುಗೆಯವನು ತನಗೆ ಭೇದಿ ಅಂತ ಬಾಯಿಬಿಡಬೇಕು. ತಾಯಿ ಮಗುವಿಗೆ ಲಸಿಕೆ ಹಾಕಿಸಿಲ್ಲ ಅಂತ ಒಪ್ಪಿಕೊಳ್ಳಬೇಕು. ಹೇಳಿದ್ದಕ್ಕೇ ಪೆಟ್ಟು ಬಿದ್ದರೆ ಮುಂದಿನ ಸಲ ಯಾರೂ ತುಟಿ ಬಿಚ್ಚುವುದಿಲ್ಲ.

ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಕಥೆ ನಿನಗೆ ಅರ್ಧ ಗೊತ್ತಿರುತ್ತದೆ. 1854ರ ಆಗಸ್ಟ್ ಕೊನೆಯಲ್ಲಿ ಅಲ್ಲಿ ಕಾಲರಾ ಎದ್ದಿತು. 600ಕ್ಕೂ ಹೆಚ್ಚು ಜನ ಸತ್ತರು. ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ವಿಚಾರಿಸಿ, ಒಂದು ಬೀದಿ ಪಂಪಿನ ನೀರೇ ಕಾರಣ ಅಂದ. ಅಲ್ಲಿನ ಮಂಡಳಿ ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿ ತೆಗೆಸಿತು. ಎಲ್ಲರೂ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಇಷ್ಟವಾಗುವುದು ಆಮೇಲಿನ ಭಾಗ. ಹೆನ್ರಿ ವೈಟ್‌ಹೆಡ್ ಅಂತ ಒಬ್ಬ ಪಾದ್ರಿ ಇದ್ದ. ಸ್ನೋ ಮಾತನ್ನು ಅವನು ನಂಬಿರಲೇ ಇಲ್ಲ. ಸುಳ್ಳು ಅಂತ ತೋರಿಸಲು ಮನೆಮನೆಗೆ ಹೋದ. ಆ ಕೇರಿಯ ಜನಕ್ಕೆ ಅವನು ಪರಿಚಯದವನು. ಪಂಪಿನ ಪಕ್ಕದ ಮನೆಯಲ್ಲಿ ಒಬ್ಬ ತಾಯಿ, ಭೇದಿಯಾಗಿದ್ದ ಹಸುಗೂಸಿನ ಬಟ್ಟೆ ತೊಳೆದ ನೀರನ್ನು ಮನೆ ಮುಂದಿನ ಮಲಗುಂಡಿಗೆ ಸುರಿದಿದ್ದೆ ಅಂತ ಹೇಳಿದಳು. ಅಗೆದು ನೋಡಿದರೆ ಗುಂಡಿಯ ಇಟ್ಟಿಗೆಗಳು ಸಡಿಲವಾಗಿದ್ದವು. ಗುಂಡಿಗೂ ಆ ಪಂಪಿಗೆ ನೀರು ಬರುವ ಬಾವಿಗೂ ನಡುವೆ ಮೂರು ಅಡಿಯೂ ಇರಲಿಲ್ಲ.

ಆ ಹೆಂಗಸಿನ ಸ್ಥಿತಿ ನೆನೆಸಿಕೋ. ಮಗು ಸತ್ತಿತ್ತು. ಗಂಡನೂ ಅದೇ ಕಾಲರಾಗೆ ಹೋಗಿದ್ದ. ದಂಡದ ರಸೀದಿ ಪುಸ್ತಕ ಹಿಡಿದುಕೊಂಡು ಯಾರೋ ಗದರುತ್ತಾ ಬಂದಿದ್ದರೆ ಅವಳು ಅದನ್ನು ಹೇಳುತ್ತಿದ್ದಳಾ? ಖಂಡಿತ ಇಲ್ಲ ಅಂತ ನನ್ನ ಲೆಕ್ಕ.

ಇದರ ಉಲ್ಟಾ ಕಥೆ ನ್ಯೂಯಾರ್ಕಿನ ಮೇರಿ ಮ್ಯಾಲನ್‌ದು. ಅಡುಗೆ ಕೆಲಸದವಳು. ಮೈಯಲ್ಲಿ ಟೈಫಾಯ್ಡ್ ಕ್ರಿಮಿ ಇತ್ತು, ಆದರೆ ತನಗೆ ಯಾವ ಕಾಯಿಲೆಯೂ ಇಲ್ಲ ಅಂತಲೇ ಅವಳು ನಂಬಿದ್ದಳು. 1907ರಲ್ಲಿ ಹಿಡಿದು ದ್ವೀಪವೊಂದರಲ್ಲಿ ಇಟ್ಟರು. ಇನ್ನು ಅಡುಗೆ ಮಾಡುವುದಿಲ್ಲ ಅಂತ ಮಾತು ಪಡೆದು 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸಕ್ಕೆ ಹೋದಳು. ಅಡುಗೆಯಲ್ಲಿ ಸಿಗುತ್ತಿದ್ದಷ್ಟು ಸಂಬಳ ಅದರಲ್ಲಿ ಇರಲಿಲ್ಲ. ಹೆಸರು ಬದಲಾಯಿಸಿಕೊಂಡು ಮತ್ತೆ ಸೌಟು ಹಿಡಿದಳು. 1915ರಲ್ಲಿ ಸಿಕ್ಕಿದ್ದು ಒಂದು ಹೆರಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ. ಅಷ್ಟರಲ್ಲಿ ಅಲ್ಲಿ ಸುಮಾರು 25 ಜನಕ್ಕೆ ಟೈಫಾಯ್ಡ್ ತಗುಲಿ ಇಬ್ಬರು ಸತ್ತಿದ್ದರು. 1938ರಲ್ಲಿ ಸಾಯುವವರೆಗೂ ಅವಳನ್ನು ಆ ದ್ವೀಪದಲ್ಲೇ ಇಟ್ಟರು. ತಪ್ಪು ಅವಳದ್ದೂ ಇದೆ, ನಾನು ಅಲ್ಲ ಅನ್ನುವುದಿಲ್ಲ. ಆದರೂ ಯಾರನ್ನಾದರೂ ಕೆಲಸ ಬಿಡು ಅನ್ನುವ ಮುಂಚೆ ಅವರ ಹೊಟ್ಟೆಪಾಡಿಗೆ ದಾರಿ ಏನು ಅಂತ ಸಭೆಯಲ್ಲಿ ಕೇಳು. ಜ್ವರ ಬಂದ ದಿನ ರಜೆ ಹಾಕಿದರೆ ಕೂಲಿ ಹೋಗುತ್ತದೆ ಅಂದಾಗ ಯಾರು ತಾನೇ ಜ್ವರ ಅಂತ ಹೇಳುತ್ತಾರೆ?

ನಿಮ್ಮ ಸಿಬ್ಬಂದಿಗೂ ಇದೇ ಮಾತು. ನಲ್ಲಿ ನೀರಿನಲ್ಲಿ ಕ್ರಿಮಿ ಕೊಲ್ಲುವ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಪೈಪ್‌ಲೈನಿನ ಕೊನೆಯ ಮನೆಯಲ್ಲಿ ಅದು ಕಡಿಮೆ ಬರುವುದು ಸಹಜ. ರಿಜಿಸ್ಟರಿನಲ್ಲಿ ತಿಂಗಳುಗಟ್ಟಲೆ ಎಲ್ಲಾ ಕಡೆ ಒಂದೇ ಅಂಕಿ ಇದ್ದರೆ ಖುಷಿಪಡಬೇಡ, ಅನುಮಾನಪಡು. ಕಡಿಮೆ ಬರೆದವನನ್ನು ಹಿಂದೆ ಯಾರೋ ಬೈದಿರುತ್ತಾರೆ, ಆಮೇಲೆ ಅವನು ಕೂತಲ್ಲೇ ಅಂಕಿ ತುಂಬಿಸುವುದು ಕಲಿತಿರುತ್ತಾನೆ. "ಇಲ್ಲಿ ಸೊನ್ನೆ ಬಂತು ಸಾರ್" ಅಂತ ಓಡಿಬಂದವನಿಗೆ ಮೊದಲು ಥ್ಯಾಂಕ್ಸ್ ಹೇಳು. ಪೈಪ್ ಎಲ್ಲಿ ಒಡೆದಿದೆ ಅಂತ ಆಮೇಲೆ ಹುಡುಕಿ.

ಲಸಿಕೆಯ ವಿಷಯದಲ್ಲಿ ಸರಾಸರಿ ನೋಡಿ ಮೋಸಹೋಗಬೇಡ. ದಡಾರ ಹರಡದಂತೆ ತಡೆಯಲು 100ರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಊರಿನ ಲೆಕ್ಕ ಸರಿಯಾಗಿದ್ದು ಒಂದು ಕೇರಿಯಲ್ಲಿ ಮಾತ್ರ ಅರ್ಧ ಮಕ್ಕಳು ಉಳಿದಿರಬಹುದು. ರೋಗ ಅಲ್ಲಿಗೇ ಬರುತ್ತದೆ. ಆ ತಾಯಂದಿರಿಗೆ ಭಾಷಣ ಮಾಡುವ ಮುಂಚೆ ಯಾಕೆ ಬರಲಿಲ್ಲ ಅಂತ ಕೇಳು. ಲಸಿಕೆಯ ಸಮಯವೂ ಅವರ ಕೆಲಸದ ಸಮಯವೂ ಒಂದೇ ಇದ್ದರೆ ಬದಲಾಯಿಸಬೇಕಾದವರು ನೀವು.

ಹಾಗಂತ ಎಲ್ಲರ ಬೆನ್ನು ಸವರುತ್ತಾ ಕೂರಬೇಡ. ಹೇಳಿದವನು ಬೇರೆ, ಮುಚ್ಚಿಟ್ಟವನು ಬೇರೆ. ಎರಡು ಸಲ ಎಚ್ಚರಿಸಿದರೂ ಕೊಳಚೆಯನ್ನು ಬಾವಿ ಕಡೆಗೆ ಬಿಡುವವನ ಬಾಗಿಲಿಗೆ ಬೀಗ ಹಾಕಿಸು. ಅವನು ಯಾರ ನೆಂಟನಾದರೂ ಸರಿ, ನಮ್ಮ ನೆಂಟನಾದರೂ ಸರಿ. ರೋಗಿಯ ಹೆಸರು ಮಾತ್ರ ಸಭೆಯಲ್ಲಾಗಲಿ ಮನೆಯಲ್ಲಾಗಲಿ ನಿನ್ನ ಬಾಯಿಂದ ಬರಕೂಡದು.

ಮಂಡಳಿಯೂ ಜನರಿಗೆ ಹೇಳಬೇಕಲ್ವಾ? ನೀರಿನ ಮೇಲೆ ಅನುಮಾನ ಬಂದರೆ ಲ್ಯಾಬಿನಿಂದ ಉತ್ತರ ಬರಲು ಸಾಮಾನ್ಯವಾಗಿ ಒಂದು ದಿನ ಬೇಕು. ಅಲ್ಲಿಯವರೆಗೆ ಸುಮ್ಮನಿರೋಣ, ಜನ ಗಾಬರಿಯಾಗುತ್ತಾರೆ ಅನ್ನುವವರು ಸಭೆಯಲ್ಲಿ ಇದ್ದೇ ಇರುತ್ತಾರೆ. ಒಪ್ಪಬೇಡ. "ಇನ್ನೂ ಖಚಿತವಿಲ್ಲ, ಆದರೂ ಕುದಿಸಿ ಕುಡಿಯಿರಿ" ಅಂತ ಅವತ್ತೇ ಸಾರಿಸಿ. ನಾಳೆ ನೀರು ಚೆನ್ನಾಗಿದೆ ಅಂತ ಬಂದರೆ ಅದನ್ನೂ ಹೇಳಿ.

ಮೊದಲ ಸಭೆಗೆ ಹೋಗುವ ಮುಂಚೆ ಹೋದ ವರ್ಷದ ದೂರಿನ ಪುಸ್ತಕ ತರಿಸಿಕೊಂಡು ಓದು. ದೂರು ಎಷ್ಟು ಬಂದಿದೆ ಅನ್ನುವುದಕ್ಕಿಂತ ಯಾವ ಬೀದಿಯಿಂದ ಒಂದೂ ಬಂದಿಲ್ಲ ಅಂತ ನೋಡು. ಒಂದು ಸಂಜೆ ಆ ಬೀದಿಗೆ ಹೋಗಿ ಬಾ. ಜೀಪು ಬೇಡ, ನಡೆದುಕೊಂಡೇ ಹೋಗು.

ಇಂತಿ,
ನಿನ್ನ ಅತ್ತೆ