ಮಿದುಳು ಕೊಡುವವರು ಯಾರನ್ನು ಕೇಳಬೇಕು?

ಮಾನ್ಯರೇ,

ಅಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನ 'ಬ್ರೇಕ್' ಕೋಶಗಳು ಮೊದಲು ಸಾಯುತ್ತವೆ ಎಂಬ ನಿಮ್ಮ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಅದು ಹೇಗೆ ಗೊತ್ತಾಯಿತು ಎಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ.

ಅಮೆರಿಕದ ಸಿಯಾಟಲ್‌ನ ಅಲೆನ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆ ಅಧ್ಯಯನಕ್ಕೆ 84 ಜನ ತೀರಿಕೊಂಡ ಮೇಲೆ ಮಿದುಳು ದಾನ ಮಾಡಿದ್ದರು. ಕೆಲವರಿಗೆ ಮರೆವಿತ್ತು, ಕೆಲವರಿಗೆ ಇರಲಿಲ್ಲ. ಈ ಕಾಯಿಲೆಯಲ್ಲಿ ಮಿದುಳಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳ ಗಂಟು ಕಡಿಮೆ ಇದ್ದ ಮಿದುಳಿನಿಂದ ಹೆಚ್ಚಿದ್ದ ಮಿದುಳಿನವರೆಗೆ ಸಾಲಾಗಿ ಜೋಡಿಸಿ ನೋಡಿದಾಗ, ಆರಂಭದ ಹಂತದಲ್ಲೇ ಸೊಮಾಟೊಸ್ಟಾಟಿನ್ ಎಂಬ ರಾಸಾಯನಿಕ ತಯಾರಿಸುವ ತಡೆಕೋಶಗಳು, ಅಂದರೆ ನೀವು ಹೇಳಿದ 'ಬ್ರೇಕ್' ಕೋಶಗಳು, ಕಡಿಮೆಯಾಗಿದ್ದವು. ಪಕ್ಕದ ನರಕೋಶಗಳ ಅಬ್ಬರವನ್ನು ಹದದಲ್ಲಿಡುವುದು ಇವುಗಳ ಕೆಲಸ. ಪ್ರಚೋದಿಸುವ ನರಕೋಶಗಳು ಸಾಯತೊಡಗುವುದು ಆಮೇಲೆ. ಹಾಗೆಂದು ರೋಗಕ್ಕೆ ಮೂಲ ಇದೇ ಎನ್ನಲಾಗದು. ಯಾವುದು ಮೊದಲು, ಯಾವುದು ನಂತರ ಎಂದಷ್ಟೇ ಆ ಸಾಲು ಹೇಳುತ್ತದೆ. 'ಕಾರಣ ಪತ್ತೆ' ಎಂಬ ನಿಮ್ಮ ಶೀರ್ಷಿಕೆ ಸ್ವಲ್ಪ ಅವಸರದ್ದಾಯಿತು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಅಡಿಕೆ ಆರಿಸುವುದರಲ್ಲಿ ನಮ್ಮ ಮಾವನವರದ್ದು ಎತ್ತಿದ ಕೈ. ಹಸ, ಬೆಟ್ಟೆ, ಗೊರಬಲು ಎಂದು ದರ್ಜೆಯನ್ನು ಬೆರಳಲ್ಲೇ ಹೇಳುತ್ತಿದ್ದರು. ಊಟ ಮಾಡಿದ್ದೇ ನೆನಪಿಲ್ಲದಂತಾದ ಮೇಲೂ ಆ ಕೈ ತಪ್ಪಲಿಲ್ಲ. ಕಣ್ಣುದಾನಕ್ಕೆ ಅವರು ಹಿಂದೆಯೇ ಬರೆದುಕೊಟ್ಟಿದ್ದರು. ಅವರು ತೀರಿಕೊಂಡಾಗ ಮಳೆಗಾಲ, ದಾರಿಗೆ ಮರ ಬಿದ್ದಿತ್ತು, ಆದರೂ ಶಿವಮೊಗ್ಗದಿಂದ ಬಂದು ಕಣ್ಣು ತೆಗೆದುಕೊಂಡು ಹೋದರು. ಮಿದುಳನ್ನೂ ಕೊಡಬಹುದೇ ಎಂದು ನಾನು ಕೇಳಿದೆ. ಬಂದವರಿಗೂ ಗೊತ್ತಿಲ್ಲ, ಫೋನ್ ಮಾಡಿದ ಕಡೆಯೂ ಗೊತ್ತಿಲ್ಲ. "ಹೋದವರ ತಲೆ ಬೇರೆ ಕೊಯ್ಯಿಸ್ತೀಯೇನೇ?" ಎಂದು ಅತ್ತೆ ಎಲ್ಲರೆದುರೇ ಗದರಿದರು. ಅವರ ಸಂಕಟ ಅವರದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದಲೇ ಮಿದುಳು ಬ್ಯಾಂಕ್ ಇದೆ. ನಮ್ಮ ಊರಿಂದ ಅಲ್ಲಿಗೆ ಮುನ್ನೂರು ಕಿಲೋಮೀಟರ್ ದಾಟುತ್ತದೆ. ಜೀವ ಹೋದ ಮೇಲೆ ಗಂಟೆ ಕಳೆದಂತೆ ಕೋಶದೊಳಗಿನ ಆರ್‌ಎನ್‌ಎ (ವಂಶವಾಹಿಯ ಸಂದೇಶ ಹೊರುವ ಅಣು) ಹಾಳಾಗುತ್ತಾ ಹೋಗುತ್ತದೆ, ಇಂಥ ಅಧ್ಯಯನಗಳಿಗೆ ಬೇಕಾದದ್ದು ಆ ಆರ್‌ಎನ್‌ಎಯೇ. ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೇ ಮಿದುಳು ತೆಗೆದು, ಕೆಡದಂತೆ ಇಟ್ಟು ಕಳಿಸುವ ಏರ್ಪಾಡಾಗಬೇಕು. ಬದುಕಿದ್ದಾಗಿನ ದಾಖಲೆಯೂ ಬೇಕು. ಸಿಯಾಟಲ್ ದಾನಿಗಳಲ್ಲಿ ಹಲವರು 1994ರಲ್ಲಿ ಶುರುವಾದ ಅಧ್ಯಯನವೊಂದಕ್ಕೆ ಸೇರಿ, ಎರಡು ವರ್ಷಕ್ಕೊಮ್ಮೆ ನೆನಪಿನ ಪರೀಕ್ಷೆ ಮಾಡಿಸಿಕೊಂಡವರು. ನಮ್ಮಲ್ಲೂ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರನ್ನು ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ಹೀಗೆ ಪರೀಕ್ಷಿಸುತ್ತಿದೆ. ಮಲೆನಾಡಿನ ಮುದುಕರನ್ನೂ ಯಾರಾದರೂ ಕೇಳಲಿ.

ಮುಂದಿನ ಸಲ ಇಂಥ ಲೇಖನ ಹಾಕುವಾಗ ಮಿದುಳು ದಾನಕ್ಕೆ ಯಾರನ್ನು ಸಂಪರ್ಕಿಸಬೇಕೆಂದು ಒಂದು ಬಾಕ್ಸ್ ಹಾಕಿ. ನಾನೂ ನಮ್ಮ ಯಜಮಾನರೂ ಸಹಿ ಹಾಕಲು ತಯಾರಿದ್ದೇವೆ. ಅತ್ತೆ ಇನ್ನೂ ಒಪ್ಪಿಲ್ಲ.

– ಅಡಿಕೆ ಬೆಳೆಗಾರ್ತಿ, ತೀರ್ಥಹಳ್ಳಿ ತಾಲ್ಲೂಕು