ಪುಟ್ಟಿಗೆ, ದಾನದ ಮಾತ್ರೆಗಳ ಬಗ್ಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾನು, ನಿನ್ನ ದೊಡ್ಡಮ್ಮ ಇಲ್ಲಿ ಕ್ಷೇಮ. ಔಷಧ ಕಂಪನಿಯ ಸಿಎಸ್‌ಆರ್ ವಿಭಾಗದಲ್ಲಿ, ಅಂದರೆ ಸಮಾಜಸೇವೆಯ ವಿಭಾಗದಲ್ಲಿ, ಕೆಲಸ ಸಿಕ್ಕಿತು, ಜಂತುಹುಳು ಮಾತ್ರೆ ದಾನ ಕೊಡುವ ಯೋಜನೆಗೆ ಮೊದಲ ಪ್ರವಾಸವೇ ಪಶ್ಚಿಮ ಆಫ್ರಿಕಾದ ಘಾನಾಗೆ ಅಂತ ನೀನು ಬರೆದದ್ದನ್ನು ಓದಿ ಇಬ್ಬರಿಗೂ ತುಂಬಾ ಖುಷಿಯಾಯಿತು. ದೊಡ್ಡಮ್ಮ ಪಕ್ಕದ ಮನೆಯವರಿಗೆಲ್ಲ ಹೇಳಿ ಬಂದಳು.

ಕಂಪನಿಗಳು ಈ ದಾನವನ್ನೆಲ್ಲ ಬರೀ ಹೆಸರಿಗೆ ಮಾಡುತ್ತವೆ ಅಂತ ನಿನ್ನ ಗೆಳತಿ ಹೇಳಿದಳು, ಅದು ಮನಸ್ಸಿನಲ್ಲಿ ಕೊರೆಯುತ್ತಿದೆ ಅಂತಲೂ ಬರೆದಿದ್ದೀಯ. ಇಷ್ಟು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು, ನನಗೆ ಅನಿಸಿದ್ದನ್ನು ಹೇಳುತ್ತೇನೆ. ಕಂಪನಿಯ ಮನಸ್ಸಿನಲ್ಲಿ ಏನಿದೆ ಅಂತ ಹುಡುಕುತ್ತಾ ಕೂರಬೇಡ. ಅದು ಯಾರಿಗೂ ಸಿಗುವುದಿಲ್ಲ. ಕೊಟ್ಟ ಮಾತು ಎಷ್ಟು ವರ್ಷದ್ದು, ಔಷಧ ನುಂಗುವ ಜನರ ಮಾತಿಗೆ ಅಲ್ಲಿ ಬೆಲೆ ಇದೆಯಾ, ಇದನ್ನು ನೋಡು. ಇದು ಕಾಗದದಲ್ಲೂ ಕಾಣುತ್ತದೆ, ಊರಿನಲ್ಲೂ ಕಾಣುತ್ತದೆ.

ಘಾನಾಗೆ ಹೋಗುವವಳಿಗೆ ನದಿ ಕುರುಡು ಎಂಬ ರೋಗದ ವಿಷಯ ಗೊತ್ತಿರಲೇಬೇಕು. ಜೋರಾಗಿ ಹರಿಯುವ ನದಿಗಳ ದಂಡೆಯಲ್ಲಿ ಒಂದು ಜಾತಿಯ ಸಣ್ಣ ಕಪ್ಪು ನೊಣ ಇರುತ್ತದೆ. ಅದು ಕಚ್ಚಿದಾಗ ಹುಳುವಿನ ಮರಿಗಳು ಮೈ ಸೇರುತ್ತವೆ. ಬೆಳೆದ ಹೆಣ್ಣು ಹುಳು ಚರ್ಮದ ಕೆಳಗೆ ಗಂಟು ಕಟ್ಟಿಕೊಂಡು 10–15 ವರ್ಷ ಬದುಕುತ್ತದೆ. ಅಷ್ಟೂ ಕಾಲ ಲಕ್ಷಗಟ್ಟಲೆ ಮರಿ ಹಾಕುತ್ತಲೇ ಇರುತ್ತದೆ. ಮರಿಗಳು ಚರ್ಮದಲ್ಲಿ ಓಡಾಡಿದರೆ ರಾತ್ರಿಯಿಡೀ ನಿದ್ದೆ ಬಾರದಷ್ಟು ತುರಿಕೆ. ಕಣ್ಣಿಗೆ ಸೇರಿದರೆ ನಿಧಾನವಾಗಿ ದೃಷ್ಟಿ ಹೋಗುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ ಇದಕ್ಕೆ ಹೆದರಿ, ನದಿ ಪಕ್ಕದ ಫಲವತ್ತಾದ ಹೊಲ ಬಿಟ್ಟು ಊರಿಗೆ ಊರೇ ಗುಳೆ ಹೋದದ್ದುಂಟು.

ಆಗ ಇದಕ್ಕೆ ಸರಿಯಾದ ಮದ್ದೇ ಇರಲಿಲ್ಲ. ನಮ್ಮ ಕಡೆ ಆನೆಕಾಲು ರೋಗಕ್ಕೆ ಕೊಡುವ ಡಿಇಸಿ ಮಾತ್ರೆಯನ್ನು ಈ ರೋಗಿಗಳಿಗೆ ಕೊಟ್ಟರೆ ಕಣ್ಣಿಗೇ ಅಪಾಯ. ಅದಕ್ಕೇ 1974ರಿಂದ ವಿಶ್ವ ಆರೋಗ್ಯ ಸಂಸ್ಥೆ, ವಿಶ್ವ ಬ್ಯಾಂಕ್ ಮತ್ತಿತರರು ಸೇರಿ ನೊಣದ ಮರಿಗಳನ್ನು ಕೊಲ್ಲಲು ನದಿಗಳಿಗೆ ಹೆಲಿಕಾಪ್ಟರ್‌ನಿಂದ ಔಷಧ ಸಿಂಪಡಿಸುತ್ತಿದ್ದರು. ರೋಗ ಹರಡುವುದು ತಗ್ಗಿತು. ಆದರೆ ಆಗಲೇ ಮೈಯಲ್ಲಿ ಹುಳು ಇದ್ದವರಿಗೆ ಅದರಿಂದ ಏನು ಉಪಯೋಗ?

ಐವರ್ಮೆಕ್ಟಿನ್ ಎಂಬ ಔಷಧ ಬಂದದ್ದು ಈ ಹೊತ್ತಿನಲ್ಲಿ. ಜಪಾನಿನ ಸತೋಶಿ ಓಮುರಾ ಅವರು ಕವಾನಾ ಎಂಬಲ್ಲಿ ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಿಂದ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಅಮೆರಿಕದ ಮರ್ಕ್ ಕಂಪನಿಯಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಅವರ ಜೊತೆಯವರು ಅದರಿಂದ ಮೊದಲು ಪಶುಗಳಿಗೆ ಔಷಧ ಮಾಡಿದರು. ಈ ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು. ದನ, ಕುದುರೆ, ನಾಯಿಗಳ ಹುಳುವಿಗೆ ಕೊಡುವ ಈ ಔಷಧದಿಂದ ಕಂಪನಿಗೆ ಭಾರೀ ಲಾಭವೂ ಬಂತು. ಅದೇ ಕಂಪನಿಯಲ್ಲಿದ್ದ ಬಾಂಗ್ಲಾದೇಶ ಮೂಲದ ವೈದ್ಯ ಮೊಹಮ್ಮದ್ ಅಜೀಜ್ ಆಫ್ರಿಕಾದಲ್ಲಿ ಈ ರೋಗವನ್ನು ಕಣ್ಣಾರೆ ಕಂಡಿದ್ದವರು. ಇದನ್ನು ಮನುಷ್ಯರ ಮೇಲೂ ಪರೀಕ್ಷಿಸಲೇಬೇಕು ಅಂತ ಪಟ್ಟು ಹಿಡಿದರು. 1981ರಲ್ಲಿ ಸೆನೆಗಲ್‌ನಲ್ಲಿ ಮೊದಲ ಪರೀಕ್ಷೆ ಆಯಿತು. ಒಂದೇ ಸಲದ ಮಾತ್ರೆಗೆ ಚರ್ಮದಲ್ಲಿದ್ದ ಮರಿಗಳು ಬಹುಪಾಲು ಮಾಯ. ಈ ಅಜೀಜ್ ಅವರ ಹೆಸರನ್ನು ಜಾಸ್ತಿ ಜನ ಹೇಳುವುದಿಲ್ಲ, ನೀನಾದರೂ ನೆನಪಿಡು.

ಔಷಧವೇನೋ ಸಿಕ್ಕಿತು, ಕೊಳ್ಳುವವರು ಯಾರು? ರೋಗ ಇದ್ದ ಜನರ ಕೈಯಲ್ಲಿ ಕಾಸಿಲ್ಲ, ಅವರ ಸರ್ಕಾರಗಳ ಹತ್ತಿರವೂ ಇಲ್ಲ. ದುಡ್ಡು ಕೊಡಿ ಅಂತ ಕಂಪನಿ ಬೇರೆಯವರನ್ನು ಕೇಳಿ ನೋಡಿತು, ಯಾರೂ ಒಪ್ಪಲಿಲ್ಲ. ಕೊನೆಗೆ 1987ರ ಅಕ್ಟೋಬರ್‌ನಲ್ಲಿ ಕಂಪನಿಯ ಮುಖ್ಯಸ್ಥ ರಾಯ್ ವ್ಯಾಜೆಲೋಸ್ ಎಲ್ಲರ ಮುಂದೆ ಮಾತು ಕೊಟ್ಟರು. ಎಷ್ಟು ಬೇಕೋ ಅಷ್ಟು, ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ ಪುಕ್ಕಟೆಯಾಗಿ ಕೊಡುತ್ತೇವೆ ಅಂತ. ಮೆಕ್ಟಿಜಾನ್ ಅಂತ ಹೆಸರಿಟ್ಟ ಆ ಮಾತ್ರೆ ಇವತ್ತಿಗೂ ಹಾಗೇ ಹೋಗುತ್ತಿದೆ.

ಆ ಮಾತಿನ ಎರಡನೇ ಅರ್ಧವನ್ನು ಗಮನಿಸು ಮಗಳೇ. ಈ ಮಾತ್ರೆ ಮರಿಗಳನ್ನು ಕೊಲ್ಲುತ್ತದೆ, ದೊಡ್ಡ ಹುಳುವನ್ನು ಕೊಲ್ಲುವುದಿಲ್ಲ. ಆ ಹುಳು ಸಾಯುವವರೆಗೆ, ಅಂದರೆ ಹತ್ತು ಹದಿನೈದು ವರ್ಷ, ವರ್ಷಕ್ಕೆ ಒಂದು ಸಲವಾದರೂ ಊರಿನ ಜನ ನುಂಗುತ್ತಲೇ ಇರಬೇಕು. ಮೂರು ವರ್ಷದ ಯೋಜನೆ ಅಂತ ಮಾಡಿ, ಫೋಟೊ ತೆಗೆಸಿ, ವರದಿ ಅಚ್ಚು ಹಾಕಿಸಿ ಎದ್ದು ಬಂದಿದ್ದರೆ ಎಲ್ಲವೂ ನೀರಿನಲ್ಲಿ ಹೋಮ ಮಾಡಿದ ಹಾಗಾಗುತ್ತಿತ್ತು. ರೋಗ ಎಷ್ಟು ಕಾಲ ಇರುತ್ತದೋ, ಮಾತೂ ಅಷ್ಟು ಕಾಲದ್ದಾಗಿರಬೇಕು. ನಿಮ್ಮ ಯೋಜನೆ ಜಂತುಹುಳು ಮಾತ್ರೆಯದ್ದು ಅಂದೆಯಲ್ವಾ? ಬರಿಗಾಲಿನಲ್ಲಿ ಓಡಾಡುವ ಮಗುವಿಗೆ, ಶೌಚಾಲಯ ಇಲ್ಲದ ಊರಿನಲ್ಲಿ, ಮಾತ್ರೆ ಕೊಟ್ಟ ಕೆಲವು ತಿಂಗಳಲ್ಲಿ ಹುಳು ಮತ್ತೆ ಬರುತ್ತದೆ. ನಿಮ್ಮ ಯೋಜನೆ ಎಷ್ಟು ವರ್ಷದ್ದು? ಮುಗಿದ ಮೇಲೆ ಯಾರು ಕೊಡುತ್ತಾರೆ? ಸಭೆಯಲ್ಲಿ ಇದನ್ನೇ ಮೊದಲು ಕೇಳು. ಹೊಸಬಳು ಅಂತ ಸಂಕೋಚ ಬೇಡ.

ಮರ್ಕ್ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಯಾರಿಗೆ, ಎಲ್ಲಿ, ಹೇಗೆ ಕೊಡಬೇಕು ಅನ್ನುವುದನ್ನು ಹೊರಗಿನ ತಜ್ಞರ ಸಮಿತಿಗೆ ಬಿಟ್ಟಿತು. ಸಿಡುಬು ನಿರ್ಮೂಲನೆಯಲ್ಲಿ ದುಡಿದಿದ್ದ ವಿಲಿಯಂ ಫೇಗಿ ಅವರ ಸಂಸ್ಥೆ ಅದರ ಹೊಣೆ ಹೊತ್ತಿತು. ಮುಂದೆ 1990ರ ದಶಕದಲ್ಲಿ ಹಂಚುವ ಕೆಲಸ ಊರಿನವರ ಕೈಗೇ ಬಂತು. ಮಾತ್ರೆ ಹಂಚುವವರು ಯಾರು, ಯಾವ ತಿಂಗಳಲ್ಲಿ, ಮನೆಮನೆಗೆ ಹೋಗಬೇಕೋ ಒಂದು ಕಡೆ ಸೇರಬೇಕೋ, ಎಲ್ಲ ಊರಿನ ತೀರ್ಮಾನ. ತೂಕದ ಯಂತ್ರ ಹೊತ್ತು ತಿರುಗುವ ಕಷ್ಟ ಇಲ್ಲ. ಗುರುತು ಹಾಕಿದ ಒಂದು ಕೋಲಿನ ಪಕ್ಕ ನಿಲ್ಲಿಸಿ, ಎತ್ತರ ನೋಡಿ ಎಷ್ಟು ಮಾತ್ರೆ ಅಂತ ಹೇಳುತ್ತಾರೆ. ಓದು ಬರಹ ಕಡಿಮೆ ಇದ್ದವರೂ ತಪ್ಪಿಲ್ಲದೆ ಮಾಡಬಹುದು. ಇದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ.

ಕೊಲಂಬಿಯಾ 2013ರಲ್ಲಿ ಈ ರೋಗದಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆಮೇಲೆ ಈಕ್ವೆಡಾರ್, ಮೆಕ್ಸಿಕೊ, ಗ್ವಾಟೆಮಾಲಾ. ಆಫ್ರಿಕಾದಲ್ಲಿ ಮೊದಲನೆಯದಾಗಿ ನೈಜರ್, 2025ರ ಜನವರಿಯಲ್ಲಿ. ಮಾತು ಕೊಟ್ಟು 37 ವರ್ಷ ಆದ ಮೇಲೆ, ನೋಡು. ಘಾನಾದಲ್ಲಿ ಕೆಲಸ ಇನ್ನೂ ನಡೆದಿದೆ.

ಇದರಲ್ಲಿ ಕಂಪನಿಗೆ ಲಾಭ ಇಲ್ಲವೇ ಅಂದರೆ, ಇದೆ. ಒಳ್ಳೆಯ ಹೆಸರು ಬಂತು, ಅಮೆರಿಕದಲ್ಲಿ ದಾನಕ್ಕೆ ತೆರಿಗೆ ರಿಯಾಯಿತಿಯೂ ಇದೆ. ಇರಲಿ ಬಿಡು. ಕಣ್ಣು ಉಳಿದವನಿಗೆ ಉಳಿಯಿತಲ್ಲ.

ಆದರೆ ನಿನ್ನ ಗೆಳತಿಯ ಮಾತನ್ನು ತಳ್ಳಿಹಾಕಬೇಡ. ಅವಳಿಗೂ ಕಾರಣ ಇದೆ. 1996ರಲ್ಲಿ ನೈಜೀರಿಯಾದ ಕಾನೊದಲ್ಲಿ ಮಿದುಳು ಪೊರೆಯ ಜ್ವರ ಹಬ್ಬಿ ಮಕ್ಕಳು ಸಾಯುತ್ತಿದ್ದರು. ಆಗ ಫೈಜರ್ ಕಂಪನಿ ಅಲ್ಲಿಗೆ ಬಂದು, ಟ್ರೋವನ್ ಎಂಬ ಹೊಸ ಔಷಧವನ್ನು 200 ಮಕ್ಕಳ ಮೇಲಿನ ಪರೀಕ್ಷೆಯಲ್ಲಿ ಬಳಸಿತು. ಅರ್ಧ ಮಕ್ಕಳಿಗೆ ಅದು, ಉಳಿದವರಿಗೆ ಬಳಕೆಯಲ್ಲಿದ್ದ ಔಷಧ. ಇದು ಪರೀಕ್ಷೆ ಅಂತ ತಮಗೆ ಯಾರೂ ಸರಿಯಾಗಿ ಹೇಳಲಿಲ್ಲ ಅನ್ನುವುದು ತಂದೆತಾಯಿಗಳ ದೂರು. ಕಂಪನಿ ಅದನ್ನು ಒಪ್ಪಲಿಲ್ಲ. 2009ರಲ್ಲಿ ಕಾನೊ ರಾಜ್ಯದ ಜೊತೆ 7.5 ಕೋಟಿ ಡಾಲರ್‌ಗೆ ರಾಜಿ ಆಯಿತು. ಅಷ್ಟರಲ್ಲಿ ಇನ್ನೊಂದು ಅನಾಹುತ ಆಗಿಹೋಗಿತ್ತು. 2003ರಲ್ಲಿ ಕಾನೊದಲ್ಲಿ ಪೋಲಿಯೊ ಹನಿಯನ್ನೇ ನಿಲ್ಲಿಸಿದರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಈ ಹಳೆಯ ಗಾಯವೂ ಇತ್ತು. ಇದೇ ಫೈಜರ್ 1998ರಿಂದ ಟ್ರಕೋಮಾ ಎಂಬ ಕಣ್ಣಿನ ರೋಗಕ್ಕೆ ಅಜಿಥ್ರೋಮೈಸಿನ್ ಉಚಿತವಾಗಿ ಕೊಡುತ್ತಿದೆ. ಮೊರಾಕೊ, ಘಾನಾ ದೇಶಗಳು ಆ ರೋಗವನ್ನು ಹತೋಟಿಗೆ ತಂದಿವೆ. ಎರಡೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವ ಕೆಲಸ ನಿನ್ನಿಂದ ಯಾರಾದರೂ ಮಾಡಿಸಲು ಬಂದರೆ ಒಪ್ಪಬೇಡ.

ಪುಕ್ಕಟೆ ಅಂದ ತಕ್ಷಣ ತೆಗೆದುಕೊಳ್ಳಲೇಬೇಕು ಅಂತಲೂ ಇಲ್ಲ. 2016ರಲ್ಲಿ ಎಂಎಸ್‌ಎಫ್ ಎಂಬ ವೈದ್ಯರ ಸಂಸ್ಥೆ 10 ಲಕ್ಷ ಡೋಸ್ ನ್ಯುಮೋನಿಯಾ ಲಸಿಕೆಯ ದಾನವನ್ನು ಬೇಡ ಅಂದಿತು. ನಮಗೆ ದಾನ ಕೊಡುವ ಬದಲು ಎಲ್ಲರಿಗೂ ಬೆಲೆ ಇಳಿಸಿ ಅನ್ನುವುದು ಅವರ ವಾದ. ಮುಂದಿನ ತಿಂಗಳೇ ತುರ್ತು ನೆರವಿನ ಸಂಸ್ಥೆಗಳಿಗೆ ಬೆಲೆ ಇಳಿಯಿತು. ನಮ್ಮ ಸಿಪ್ಲಾ ಕಂಪನಿ 2001ರಲ್ಲಿ ಏಡ್ಸ್‌ನ ಮೂರು ಔಷಧಗಳನ್ನು ಎಂಎಸ್‌ಎಫ್‌ಗೆ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರ್‌ನಂತೆ ಕೊಡುತ್ತೇನೆ ಅಂದಾಗ ದೊಡ್ಡ ಕಂಪನಿಗಳ ಬೆಲೆ 10 ಸಾವಿರ ಡಾಲರ್ ಮೇಲೆ ಇತ್ತು. ಅದು ದಾನ ಅಲ್ಲ, ವ್ಯಾಪಾರವೇ. ಆದರೂ ಎಷ್ಟೊಂದು ಜೀವ ಉಳಿಯಲು ಅದು ದಾರಿ ಮಾಡಿತು. ನಿಮ್ಮ ಕಂಪನಿ ಒಂದು ಕೈಯಲ್ಲಿ ಏನು ಕೊಡುತ್ತಿದೆ ಅನ್ನುವುದರ ಜೊತೆಗೆ ಅದೇ ದೇಶದಲ್ಲಿ ತನ್ನ ಔಷಧಕ್ಕೆ ಏನು ಬೆಲೆ ಇಟ್ಟಿದೆ ಅಂತಲೂ ನೋಡು.

ಯಾದಗಿರಿ ಕಡೆ ಇದ್ದಾಗಿನ ಒಂದು ವಿಷಯ ಹೇಳಬೇಕು. ಆನೆಕಾಲು ರೋಗಕ್ಕೆ ವರ್ಷಕ್ಕೊಮ್ಮೆ ಊರಿಗೆಲ್ಲ ಮಾತ್ರೆ ಕೊಡುತ್ತಿದ್ದೆವು. "ನನಗೇನೂ ಆಗಿಲ್ಲ, ಮಾತ್ರೆ ಯಾಕೆ?" ಅಂತ ಎಲ್ಲರೂ ಕೇಳುವವರೇ. ಕೆಲವರು ಇಸಿದುಕೊಂಡು ಹಿತ್ತಲಿಗೆ ಎಸೆಯುತ್ತಿದ್ದರು. ನುಂಗಿದವರಲ್ಲಿ ಕೆಲವರಿಗೆ ಜ್ವರ, ತಲೆನೋವು ಬಂದರೆ ಇಡೀ ಓಣಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಒಳಗಿನ ಹುಳು ಸಾಯುವಾಗ ಹಾಗಾಗುತ್ತದೆ ಅಂತ ಮೊದಲೇ ಹೇಳಿದ್ದರೆ ಅರ್ಧ ಗಲಾಟೆ ಇರುತ್ತಿರಲಿಲ್ಲ. ಕಡೆಗೆ ಕೆಲಸ ನಡೆಸಿದವರು ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು. ಎದುರಿಗೆ ನಿಂತು, ಮಾತನಾಡಿಸಿ, ಊಟ ಆಯ್ತಾ ಕೇಳಿ ನುಂಗಿಸುತ್ತಿದ್ದರು. ಐವರ್ಮೆಕ್ಟಿನ್ ಸೇರಿಸಿ ಮೂರು ಔಷಧ ಒಟ್ಟಿಗೆ ಕೊಡುವ ಹೊಸ ಕ್ರಮ ದೇಶದಲ್ಲಿ ಮೊದಲು ಶುರುವಾದ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಅಲ್ಲೂ ಎತ್ತರ ನೋಡುವ ಅದೇ ಕೋಲು.

ಮಾತ್ರೆ ತಯಾರಿಸಲು ಆಗುವ ಖರ್ಚು ಎಲ್ಲರಿಗೂ ಕಾಣುತ್ತದೆ. ಈ ಹೆಣ್ಣುಮಕ್ಕಳ ಬಿಸಿಲಿನ ತಿರುಗಾಟ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಘಾನಾದಲ್ಲೂ ಹೀಗೇ ಹಂಚುವವರು ಸಿಗುತ್ತಾರೆ. ಅವರಿಗೆ ಏನು ಕೊಡುತ್ತಾರೆ, ಹೊಲದ ಕೆಲಸದ ದಿನಗಳಲ್ಲಿ ಹೇಗೆ ನಿಭಾಯಿಸುತ್ತಾರೆ ಅಂತ ಕೂತು ಕೇಳು. ನಿಮ್ಮ ಬಜೆಟ್‌ನಲ್ಲಿ ಅವರಿಗೆ ಒಂದು ಸಾಲು ಇರುವಂತೆ ಹಟ ಹಿಡಿ.

ಬೇಡವಾದದ್ದನ್ನು ಕಳಿಸಬಾರದು ಅನ್ನುವುದೂ ತಲೆಯಲ್ಲಿರಲಿ. ಬೋಸ್ನಿಯಾ ಯುದ್ಧದ ಕಾಲದಲ್ಲಿ ಅಲ್ಲಿಗೆ ಬಂದ ದಾನದ ಔಷಧಗಳಲ್ಲಿ ಸುಮಾರು 17 ಸಾವಿರ ಟನ್ ಕೆಲಸಕ್ಕೆ ಬಾರದ್ದು ಅಂತ ಆಮೇಲೆ ಅಂದಾಜು ಮಾಡಿದರು. ಅವನ್ನು ನಾಶ ಮಾಡುವ ಖರ್ಚೂ ಆ ಬಡ ಜನರ ತಲೆಗೇ. ನಮ್ಮಲ್ಲೂ 2009ರ ನೆರೆಯ ನಂತರ ಪೆಟ್ಟಿಗೆಗಟ್ಟಲೆ ಟಾನಿಕ್ ಬಂದಿತ್ತು. ಅವಧಿ ಮುಗಿಯಲು ಕೆಲವೇ ವಾರ ಉಳಿದಿತ್ತು. ಬೇಕಾಗಿದ್ದ ಓಆರ್‌ಎಸ್ ಪೊಟ್ಟಣ ಮಾತ್ರ ಬರಲಿಲ್ಲ. ದಾನದ ಔಷಧ ತಲುಪಿದಾಗ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು, ಅಲ್ಲಿನವರು ಕೇಳಿದ್ದೇ ಆಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಇದೆ. ಗೋದಾಮಿನ ಪಟ್ಟಿಯನ್ನು ನೀನೇ ಕೂತು ಓದು.

ಘಾನಾಗೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಹೊರಡುವ ದಿನಕ್ಕಿಂತ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು, ಇಲ್ಲವಾದರೆ ಕಾರ್ಡ್ ಚಾಲ್ತಿಗೆ ಬರುವುದಿಲ್ಲ. ಅದನ್ನು ಎಲ್ಲ ಕಡೆ ಹಾಕುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು. ಈ ವಾರವೇ ವಿಚಾರಿಸು. ಮಲೇರಿಯಾ ಮಾತ್ರೆಯ ಬಗ್ಗೆಯೂ ಅಲ್ಲೇ ಡಾಕ್ಟರನ್ನು ಕೇಳು. ದೊಡ್ಡಮ್ಮ ಮೆಂತ್ಯದ ಹಿಟ್ಟು, ಚಟ್ನಿಪುಡಿ ಕಳಿಸುತ್ತಾಳಂತೆ. ಅಲ್ಲಿಂದ ಬಂದ ಮೇಲೆ ಮಾತ್ರೆ ಹಂಚುವವರು ಏನು ಹೇಳಿದರು ಅಂತ ನನಗೆ ವಿವರವಾಗಿ ಬರೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ