ಗಾಳಿ ಬಿಟ್ಟುಕೊಡುವ ಗುಟ್ಟು

ಮಾನ್ಯ ಸಂಪಾದಕರೇ,

ಕ್ಯಾಮೆರಾ ಇಲ್ಲದೆಯೂ ಕೋಣೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಗಾಳಿಯ ಸೆನ್ಸರ್‌ಗಳು ಊಹಿಸಬಲ್ಲವು. ಹೊರಗೆ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 420 ಭಾಗ). ಮುಚ್ಚಿದ ಕೋಣೆಯಲ್ಲಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ 1,000 ದಾಟುವುದು ಮಾಮೂಲು. ಎಣ್ಣೆಯಲ್ಲಿ ಕರಿದರೆ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳ ಪ್ರಮಾಣ, ಥಟ್ಟನೆ ಏರುತ್ತದೆ. ಸ್ನಾನದ ಹಬೆಯ ಹನಿಗಳನ್ನೂ ಲೇಸರ್ ಸೆನ್ಸರ್ ದೂಳೆಂದೇ ಎಣಿಸುವುದರಿಂದ ತೇವಾಂಶದ ಅಳತೆಯನ್ನೂ ಜೊತೆಗಿಟ್ಟು ನೋಡಬೇಕು.

ಹೆಚ್ಚು ಎಡವಟ್ಟಾಗುವುದು ಸ್ವಯಂ ಕ್ಯಾಲಿಬ್ರೇಶನ್‌ನಲ್ಲಿ, ಅಂದರೆ ಸೆನ್ಸರ್ ತನ್ನ ಅಳತೆಯನ್ನು ತಾನೇ ಸರಿಹೊಂದಿಸಿಕೊಳ್ಳುವುದರಲ್ಲಿ. ಇಂಗಾಲದ ಡೈಆಕ್ಸೈಡ್ ಅಳೆಯುವ ಅನೇಕ ಸೆನ್ಸರ್‌ಗಳು ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಳತೆಯನ್ನೇ ಹೊರಗಿನ ಗಾಳಿ, ಅಂದರೆ 400 ಎಂದುಕೊಳ್ಳುತ್ತವೆ. ಸದಾ ಜನರಿರುವ ಕೋಣೆಯಲ್ಲಿ ಈ ಲೆಕ್ಕ ತಪ್ಪುತ್ತದೆ. ಅಲ್ಲಿ ಅದನ್ನು ಆಫ್ ಮಾಡಿ, ಆಗಾಗ ಹೊರಗಿನ ಗಾಳಿಯಲ್ಲಿಟ್ಟು ಸರಿಪಡಿಸಬೇಕು. ಕೋಣೆಯಲ್ಲಿ ಸೆನ್ಸರನ್ನು ಇಡಲು ಕಿಟಕಿಯ ಪಕ್ಕವಂತೂ ಬೇಡವೇ ಬೇಡ.

ಮನೆ ಖಾಲಿಯಿರುವ ಹೊತ್ತನ್ನೂ ಈ ಅಂಕಿಗಳು ಹೇಳುತ್ತವೆ. ಅವನ್ನು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬೇರೆಯವರ ಕಂಪ್ಯೂಟರ್‌ಗೆ, ಕಳಿಸದ ಸಾಧನವೇ ಲೇಸು.

– ಓದುಗರು